ನೆಲಮಾಳಿಗೆಯಲ್ಲಿದ್ದ ನ್ಯಾಸ

ರಾಜರ ಆಳ್ವಿಕೆಯ ಕಾಲ, ಯುದ್ಧದ ದಿನ, ಒಪ್ಪಂದದ ಕರಾರು ಇವು ಹೇಗಾದರೂ ಉಳಿದುಬರುತ್ತವೆ. ಅವನ್ನು ಕಾಯಲು ಶಿಲಾಶಾಸನಗಳಿವೆ, ಸರ್ಕಾರಿ ದಫ್ತರಗಳಿವೆ, ಅದಕ್ಕೆಂದೇ ನೇಮಕಗೊಂಡ ಲಿಪಿಕಾರರೂ ಇದ್ದಾರೆ. ಒಂದು ಸಣ್ಣ ಊರಿನ ಗೃಹಿಣಿ ಬೆಳಗಿನ ಹೊತ್ತು ಹಿಟ್ಟನ್ನು ಹೇಗೆ ನಾದುತ್ತಿದ್ದಳು, ಉಣ್ಣೆ ಕತ್ತರಿಸುವ ಕೂಲಿಯವರು ಕೆಲಸ ಮುಗಿದ ಮೇಲೆ ಹೇಗೆ ಕಾಣುತ್ತಿದ್ದರು, ಮದುವೆಯ ದಿನ ಬಡ ರೈತನ ಮಗಳು ಯಾವ ಉಡುಪು ತೊಟ್ಟಿದ್ದಳು ಎಂಬುದನ್ನು ದಾಖಲಿಸಿಡುವ ಹೊಣೆ ಯಾರ ಮೇಲೂ ಇಲ್ಲ. ಆದ್ದರಿಂದಲೇ ಇವು ಎರಡು ತಲೆಮಾರು ಕಳೆಯುವುದರೊಳಗೆ ಅಳಿದುಹೋಗುತ್ತವೆ.

ಹೀಗೆ ಅಳಿದುಹೋಗಬೇಕಾಗಿದ್ದ ಒಂದು ಊರಿನ ದೈನಂದಿನ ಬದುಕು ಒಬ್ಬ ಮಹಿಳೆಯ ದುಡಿಮೆಯಿಂದ, ಇನ್ನೊಬ್ಬ ಮಹಿಳೆಯ ಕಾಪಿನಿಂದ, ಮೂರನೆಯ ಮಹಿಳೆಯ ಹುಡುಕಾಟದಿಂದ ಉಳಿದುಬಂದ ವೃತ್ತಾಂತವೊಂದುಂಟು. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ಮೊಂಟಾನಾ ರಾಜ್ಯದ ಟೆರ್ರಿ ಎಂಬ ಊರಿಗೆ ಸೇರಿದ್ದು. ಪರರ ವಸ್ತುವನ್ನು ಕಾಯುವುದೆಂದರೇನು, ಕಾಯ್ದುದನ್ನು ಯಾವಾಗ ಬಿಟ್ಟುಕೊಡಬೇಕು, ಬಿಟ್ಟುಕೊಟ್ಟದ್ದು ಯಾವಾಗ ದಾನವೆನಿಸುತ್ತದೆ ಎಂಬ ಪ್ರಶ್ನೆಗಳನ್ನು ಈ ವೃತ್ತಾಂತ ನಮ್ಮ ಮುಂದಿಡುತ್ತದೆ.

ಊರು ಮತ್ತು ಅದರ ನೆಲ

ಟೆರ್ರಿ ಮೊಂಟಾನಾದ ಪೂರ್ವ ಭಾಗದಲ್ಲಿ, ಯೆಲ್ಲೊಸ್ಟೋನ್ ನದಿಯ ದಂಡೆಯಲ್ಲಿದೆ. ಪ್ರೇರಿ ಎಂಬ ಜಿಲ್ಲೆಗೆ ಅದು ಮುಖ್ಯ ಸ್ಥಳ. ಮುಖ್ಯ ಸ್ಥಳವೆಂದರೂ 2020ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಆರುನೂರನ್ನು ಮುಟ್ಟಲಿಲ್ಲ. ಸುತ್ತಲೂ ಮರವಿಲ್ಲದ ಹುಲ್ಲುಗಾವಲು. ನದಿಯ ಆಚೆಗೆ ಮಳೆಗಾಳಿಗೆ ಸವೆದು ಕೊರಕಲುಬಿದ್ದ ಬಣ್ಣಬಣ್ಣದ ಮಣ್ಣುಗುಡ್ಡಗಳು. ಚಳಿಗಾಲದಲ್ಲಿ ಉಷ್ಣಮಾನ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿಳಿಯುವುದೂ ಉಂಟು. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ. ಮಳೆ ಕಡಿಮೆ, ಅದೂ ನಂಬುವಂಥದಲ್ಲ.

1880ರ ದಶಕದ ಆರಂಭದಲ್ಲಿ ನಾರ್ದರ್ನ್ ಪೆಸಿಫಿಕ್ ರೈಲುಮಾರ್ಗ ಈ ಬಯಲನ್ನು ಹಾದುಹೋಯಿತು. ರೈಲಿನ ಹಿಂದೆಯೇ ದನಗಾಹಿ ಒಡೆಯರು, ಕುರಿ ಸಾಕುವವರು, ಅಂಗಡಿಕಾರರು ಬಂದರು. ಅದೇ ಸುಮಾರಿನಲ್ಲಿ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಮೇಯುತ್ತಿದ್ದ ಕಾಡೆಮ್ಮೆಗಳ ಉತ್ತರದ ಹಿಂಡು ಚರ್ಮದ ವ್ಯಾಪಾರಕ್ಕಾಗಿ ನಡೆದ ಬೇಟೆಯಲ್ಲಿ ಬಹುಮಟ್ಟಿಗೆ ನಾಶವಾಗಿತ್ತು. ಆ ಹಿಂಡನ್ನು ಅವಲಂಬಿಸಿ ಬಾಳಿದ್ದ ಮೂಲನಿವಾಸಿ ಜನಾಂಗಗಳು ಮೀಸಲು ಪ್ರದೇಶಗಳಿಗೆ ತಳ್ಳಲ್ಪಟ್ಟಿದ್ದವು. ಊರಿನ ಹೆಸರೂ ಆ ಜನಾಂಗಗಳ ಮೇಲೆ 1876ರಲ್ಲಿ ದಂಡೆತ್ತಿಹೋದ ಸೇನಾನಿ ಆಲ್ಫ್ರೆಡ್ ಟೆರ್ರಿಯದು. ಯಾವ ಊರಿನ ಇತಿಹಾಸವನ್ನು ಬರೆಯಹೊರಟರೂ ಅದರ ಮೊದಲ ಪುಟದ ಹಿಂದೆ ಇನ್ನೊಂದು ಪುಟವಿರುತ್ತದೆ ಎಂಬುದನ್ನು ಮರೆಯಲಾಗದು.

ಎವೆಲಿನ್ ಕ್ಯಾಮೆರಾನ್

ಈ ಬಯಲಿಗೆ ಬಂದವರಲ್ಲಿ ಎವೆಲಿನ್ ಕ್ಯಾಮೆರಾನ್ ಒಬ್ಬರು. 1868ರಲ್ಲಿ ಲಂಡನ್ನಿನ ದಕ್ಷಿಣಕ್ಕಿರುವ ಸ್ಟ್ರೆಥಮ್ ಪ್ರದೇಶದಲ್ಲಿ ಶ್ರೀಮಂತ ವರ್ತಕನ ಮಗಳಾಗಿ ಹುಟ್ಟಿದವರು. ಆಳುಕಾಳುಗಳಿದ್ದ ದೊಡ್ಡ ಮನೆ. ಕೈಯಲ್ಲಿ ಕೆಲಸ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಸ್ಕಾಟ್ಲೆಂಡಿನ ಇವನ್ ಕ್ಯಾಮೆರಾನ್ ಅವರನ್ನು ವರಿಸಿ, 1889ರಲ್ಲಿ ಗಂಡಹೆಂಡಿರು ಬೇಟೆಯ ಪ್ರವಾಸಕ್ಕೆಂದು ಮೊಂಟಾನಾಕ್ಕೆ ಬಂದರು. ಆ ಬಯಲು ಅವರನ್ನು ಹಿಡಿದಿಟ್ಟುಕೊಂಡಿತು. ಮರಳಿ ಬಂದು ಅಲ್ಲಿಯೇ ನೆಲೆಸಿ, ಪೋಲೊ ಆಟಕ್ಕೆ ಬೇಕಾದ ಕುದುರೆಗಳನ್ನು ಬೆಳೆಸಿ ಇಂಗ್ಲೆಂಡಿಗೆ ಹಡಗಿನಲ್ಲಿ ಕಳುಹಿಸಿ ಮಾರುವ ವ್ಯಾಪಾರವನ್ನು ಹೂಡಿದರು.

ಈ ವ್ಯಾಪಾರ ಕೈಗೂಡಲಿಲ್ಲ. ಸಾಗಣೆಯ ದೂರ ಬಹಳ, ನಷ್ಟದ ಸಂಭವ ಹೆಚ್ಚು. ಸಾಲದುದಕ್ಕೆ 1893ರಲ್ಲಿ ಅಮೆರಿಕವನ್ನೆಲ್ಲ ಆವರಿಸಿದ ಆರ್ಥಿಕ ಕುಸಿತ. ಇವನ್ ಅವರಿಗೆ ಪಕ್ಷಿಗಳ ಅಧ್ಯಯನದಲ್ಲಿದ್ದ ಆಸಕ್ತಿ ಲೆಕ್ಕಪತ್ರದಲ್ಲಿರಲಿಲ್ಲ. ಮನೆ ನಡೆಸುವ ಭಾರವೆಲ್ಲ ಎವೆಲಿನ್ ಅವರ ಮೇಲೆ ಬಿದ್ದಿತು. ಹಾಲು ಕರೆಯುವುದು, ಸೌದೆ ಸೀಳುವುದು, ನೀರು ಹೊರುವುದು, ಕುದುರೆಗಳನ್ನು ಪಳಗಿಸುವುದು ಎಲ್ಲವನ್ನೂ ಅವರು ಕಲಿತರು. ತರಕಾರಿ ಬೆಳೆದು ಮಾರಿದರು. ಮನೆಯಲ್ಲಿ ಹಣ ತೆತ್ತು ಉಣ್ಣುವ ಅತಿಥಿಗಳನ್ನಿಟ್ಟುಕೊಂಡರು. ಅಂಥ ಅತಿಥಿಗಳಲ್ಲೊಬ್ಬನಿಂದ ಛಾಯಾಗ್ರಹಣದ ಪರಿಚಯವಾಯಿತು. 1894ರಲ್ಲಿ ಅಂಚೆಯ ಮೂಲಕ ಒಂದು ಕ್ಯಾಮೆರಾ ತರಿಸಿಕೊಂಡರು. ಕುದುರೆಯ ವ್ಯಾಪಾರದಲ್ಲಿ ಕಳೆದುಕೊಂಡವರಿಗೆ ಚಿತ್ರದ ಕಸುಬು ಆಸರೆಯಾಯಿತು.

ಕಸುಬು ಮತ್ತು ಬೆಲೆ

ಅವರು ಒಂದು ಚಿತ್ರಕ್ಕೆ 25 ಸೆಂಟ್, ಒಂದು ಡಜನ್‌ಗೆ 3 ಡಾಲರ್ ದರವಿಟ್ಟಿದ್ದರು. ಲೆಕ್ಕ ಬಲ್ಲವರು ಇಲ್ಲೊಂದು ಸಂಗತಿಯನ್ನು ಗಮನಿಸುತ್ತಾರೆ. ಹನ್ನೆರಡು ಇಪ್ಪತ್ತೈದಕ್ಕೆ ಮುನ್ನೂರೇ ಆಯಿತು. ಡಜನ್ ಕೊಂಡವರಿಗೆ ರಿಯಾಯಿತಿ ಇಲ್ಲ, ಒಂದೇ ಕೊಂಡವರಿಗೆ ಹೆಚ್ಚಿನ ಬೆಲೆಯೂ ಇಲ್ಲ. ಉಳ್ಳ ದನಗಾಹಿ ಒಡೆಯನಿಗೂ, ನಿನ್ನೆ ಮೊನ್ನೆ ಬಂದಿಳಿದ ಬಡ ರೈತನಿಗೂ ಒಂದು ಚಿತ್ರದ ಬೆಲೆ ಒಂದೇ. ವ್ಯಾಪಾರದ ಪಾಠಗಳಲ್ಲಿ ಇದೂ ಒಂದು: ನಿಂತ ದರ ಗಿರಾಕಿಗೆ ಕೊಡುವ ಗೌರವ.

ಆ ಬೆಲೆಗೆ ಎಷ್ಟು ದುಡಿಮೆ ಸಲ್ಲುತ್ತಿತ್ತೆಂಬುದನ್ನು ತಿಳಿಯಬೇಕಾದರೆ ಆ ಕಾಲದ ಛಾಯಾಗ್ರಹಣದ ಕ್ರಮವನ್ನು ಅರಿಯಬೇಕು. ಬೆಳ್ಳಿಯ ಲವಣವನ್ನು ಲೇಪಿಸಿದ ಗಾಜಿನ ಫಲಕವನ್ನು ಕ್ಯಾಮೆರಾದಲ್ಲಿಟ್ಟು ಬೆಳಕಿಗೊಡ್ಡಬೇಕು. ಬಳಿಕ ಕತ್ತಲೆಯ ಕೋಣೆಯಲ್ಲಿ ಅದನ್ನು ರಾಸಾಯನಿಕ ದ್ರಾವಣಗಳಲ್ಲಿ ಅದ್ದಿ ಚಿತ್ರವನ್ನು ಹೊರತರಬೇಕು, ಸ್ಥಿರಗೊಳಿಸಬೇಕು, ಮತ್ತೆ ಮತ್ತೆ ಶುದ್ಧ ನೀರಿನಲ್ಲಿ ತೊಳೆಯಬೇಕು. ಆ ಫಲಕದ ಮೇಲೆ ಬೆಳಕಿಗೆ ಸ್ಪಂದಿಸುವ ಕಾಗದವನ್ನಿಟ್ಟು ಚಿತ್ರವನ್ನು ಮುದ್ರಿಸಿ, ಅದನ್ನೂ ತೊಳೆದು ಒಣಗಿಸಬೇಕು. ನಲ್ಲಿಯಿಲ್ಲದ ಮನೆಯಲ್ಲಿ, ಹೊತ್ತು ತಂದ ನೀರಿನಲ್ಲಿ, ಹಗಲಿನ ದುಡಿಮೆ ಮುಗಿದ ಮೇಲೆ ಇದೆಲ್ಲ ನಡೆಯಬೇಕು. ಚಿತ್ರ ತೆಗೆಯುವುದಕ್ಕೂ ಕುದುರೆಯ ಮೇಲೆ ಹಲವು ಮೈಲಿ ಹೋಗಬೇಕು. 1905ರಲ್ಲಿ ಅವರು ಕೊಂಡ ಗ್ರಾಫ್ಲೆಕ್ಸ್ ಎಂಬ ಕ್ಯಾಮೆರಾ ಐದು ಅಂಗುಲಕ್ಕೆ ಏಳು ಅಂಗುಲದ ಫಲಕವನ್ನು ತೆಗೆದುಕೊಳ್ಳುವಂಥದು, ಹಗುರವಾದುದಲ್ಲ. ಕುದುರೆ ಸವಾರಿಗೆ ಅವರು ಎರಡು ಕಾಲಿಗೆ ಸೀಳಿದ ಲಂಗವನ್ನು ತೊಟ್ಟರು. 1895ರ ಸುಮಾರಿಗೆ ಹತ್ತಿರದ ಮೈಲ್ಸ್ ಸಿಟಿಯ ಬೀದಿಯಲ್ಲಿ ಹೆಂಗಸೊಬ್ಬಳು ಹೀಗೆ ಗಂಡಸಿನಂತೆ ಕುದುರೆಯೇರಿ ಬರುವುದು ಕೋಲಾಹಲವನ್ನೇ ಎಬ್ಬಿಸಿತು. ಬಂಧನದ ಬೆದರಿಕೆಯೂ ಬಂದಿತು. ಕಾಲಾನಂತರ ಆ ಪ್ರದೇಶದ ಹೆಂಗಸರೆಲ್ಲ ಅದೇ ಉಡುಪನ್ನು ತೊಟ್ಟರು.

ಅವರ ಚಿತ್ರಗಳಲ್ಲಿ ಯಾರಿದ್ದಾರೆ? ಕುರಿಗಾಹಿಗಳು, ಉಣ್ಣೆ ಕತ್ತರಿಸುವ ತಂಡಗಳು, ದನಗಾಹಿ ಹೆಣ್ಣುಮಕ್ಕಳು, ರೈಲಿನ ಕೆಲಸಗಾರರು, ನದಿ ದಾಟಿಸುವ ದೋಣಿ, ಮದುವೆಯ ಜೋಡಿಗಳು, ಹುಲ್ಲುಗಾವಲಿನ ನಡುವೆ ಒಂಟಿಯಾಗಿ ನಿಂತ ಹಲಗೆಯ ಗುಡಿಸಲುಗಳು, ಅವುಗಳ ಮುಂದೆ ಕುರ್ಚಿ ಹಾಕಿಕೊಂಡು ತಮ್ಮ ಉತ್ತಮ ಬಟ್ಟೆ ತೊಟ್ಟು ಕುಳಿತ ಸಂಸಾರಗಳು. ದೂರದ ದೇಶದಲ್ಲಿದ್ದ ತಂದೆತಾಯಿಗಳಿಗೆ ತಮ್ಮ ಕ್ಷೇಮವನ್ನು ತಿಳಿಸಲು ಈ ಸಂಸಾರಗಳಿಗೆ ಚಿತ್ರ ಬೇಕಿತ್ತು. ಓದುಬರಹ ಬಾರದವನಿಗೆ ಅದೇ ಪತ್ರ. ತನ್ನನ್ನೂ ಅವರು ಬಿಡಲಿಲ್ಲ. ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿರುವ ಅವರ ಸ್ವಂತ ಚಿತ್ರವೊಂದಿದೆ. ಕುದುರೆಯ ಬೆನ್ನಿನ ಮೇಲೆ ನೆಟ್ಟಗೆ ನಿಂತ ಇನ್ನೊಂದಿದೆ.

ಬೇಟೆಗೆಂದು ಬಂದವರ ಕೈಗೆ ಕ್ಯಾಮೆರಾ ಬಂದ ಮೇಲೆ ಆದ ಒಂದು ಬದಲಾವಣೆಯೂ ಉಲ್ಲೇಖಾರ್ಹ. ಇವನ್ ಬೇಟೆಯನ್ನು ಪೂರ್ತಿಯಾಗಿ ತೊರೆದರೆಂದು ಹೇಳಲಾಗದು. ಆದರೆ ಅವರ ಹೆಸರು ವಿದ್ವತ್ ಲೋಕದಲ್ಲಿ ಉಳಿದಿರುವುದು ಹಕ್ಕಿಗಳ ಜೀವನಕ್ರಮವನ್ನು ಕುರಿತು ‘ದಿ ಆಕ್’ ಎಂಬ ಪಕ್ಷಿವಿಜ್ಞಾನ ಪತ್ರಿಕೆಯಲ್ಲಿ ಅವರು ಬರೆದ ಲೇಖನಗಳಿಂದ. ಆ ಅಧ್ಯಯನಕ್ಕೆ ಜೊತೆಯಾದದ್ದು ಎವೆಲಿನ್ ಅವರು ಗೂಡುಗಳ ಬಳಿಗೆ ಹೋಗಿ, ತಾಳ್ಮೆಯಿಂದ ಕಾದು ತೆಗೆದ ಹದ್ದು ಮತ್ತು ಡೇಗೆಗಳ ಚಿತ್ರಗಳು. ಜೀವಂತ ಹಕ್ಕಿಯನ್ನು ಹಕ್ಕಿಯ ನೆಲೆಯಲ್ಲಿಯೇ ಬಿಟ್ಟು ಅರಿಯುವ ದಾರಿ ಇದು. ಕೋವಿಯ ಗುರಿಗೂ ಕ್ಯಾಮೆರಾದ ಗುರಿಗೂ ಇರುವ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ.

ದಿನಚರಿಯೆಂಬ ಕಿರ್ದಿ

ಚಿತ್ರಗಳಷ್ಟೇ ಉಳಿದಿದ್ದರೆ ಈ ಸಂಗ್ರಹ ಸುಂದರವಾಗಿರುತ್ತಿತ್ತು; ಇತಿಹಾಸವಾಗುತ್ತಿರಲಿಲ್ಲ. ಎವೆಲಿನ್ ಅವರು 1893ರಿಂದ 1928ರವರೆಗೆ ದಿನಚರಿಯನ್ನು ಬರೆದರು. ಅಂಥ 35 ಪುಸ್ತಕಗಳು ಉಳಿದಿವೆ. ಅವುಗಳಲ್ಲಿ ಭಾವಾವೇಶವಿಲ್ಲ. ಇಂದಿನ ಹವೆ ಹೇಗಿತ್ತು, ಯಾರು ಬಂದರು, ಯಾರಿಗೆ ಪತ್ರ ಹೋಯಿತು, ಏನು ಅಡಿಗೆಯಾಯಿತು, ಎಷ್ಟು ಚಿತ್ರ ಮುದ್ರಿಸಿದ್ದಾಯಿತು, ಯಾರಿಗೆ ಮಾರಿದ್ದಾಯಿತು, ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಸಣ್ಣ ಅಕ್ಷರಗಳಲ್ಲಿ ಒತ್ತೊತ್ತಾಗಿ ತುಂಬಿದೆ. ವರ್ತಕರ ಮನೆಗಳಲ್ಲಿ ಕಿರ್ದಿ ಬರೆಯುವ ಪದ್ಧತಿಯನ್ನು ಬಲ್ಲವರಿಗೆ ಈ ಶೈಲಿ ಅಪರಿಚಿತವೆನಿಸದು. ದೀಪ ಆರಿಸುವ ಮುನ್ನ ಆ ದಿನದ ಜಮೆ ಖರ್ಚುಗಳನ್ನು ಬರೆದಿಡುವವನು ತನಗೆ ತಿಳಿಯದಂತೆಯೇ ತನ್ನ ಊರಿನ ಚರಿತ್ರೆಯನ್ನು ಬರೆಯುತ್ತಿರುತ್ತಾನೆ.

ಚಿತ್ರ ಮತ್ತು ದಿನಚರಿ ಒಂದನ್ನೊಂದು ಸಾಕ್ಷಿಗೆ ಕರೆಯುತ್ತವೆ. ಹೆಸರಿಲ್ಲದ ಚಿತ್ರ ಮೂಕವಾಗಿರುತ್ತದೆ. ‘ಬೇಲಿಯ ಬಳಿ ನಿಂತ ಇಬ್ಬರು ಹುಡುಗಿಯರು’ ಎನ್ನುವುದು ಎಲ್ಲಿಯ ಬೇಲಿಗೂ, ಯಾರ ಮನೆಯ ಹುಡುಗಿಯರಿಗೂ ಹೊಂದುತ್ತದೆ. ಇಂಥ ದಿನ, ಇಂಥವರ ಮನೆಗೆ ಹೋಗಿ, ಇಷ್ಟು ಚಿತ್ರ ತೆಗೆದು, ಇಷ್ಟು ಹಣ ಪಡೆದೆ ಎಂಬ ಒಂದು ಸಾಲು ಸಿಕ್ಕೊಡನೆ ಆ ಹುಡುಗಿಯರಿಗೆ ಹೆಸರು ಬರುತ್ತದೆ, ಬೇಲಿಗೆ ಸ್ಥಳ ಬರುತ್ತದೆ, ಚಿತ್ರಕ್ಕೆ ವರ್ಷ ಬರುತ್ತದೆ. ಹೀಗೆ ಕಲೆ ದಾಖಲೆಯಾಗುತ್ತದೆ. ಚಿತ್ರದ ಹಿಂಬದಿಯಲ್ಲಿ ಎರಡು ಹೆಸರು, ಒಂದು ತಾರೀಖು ಬರೆಯಲು ತಗಲುವ ಹೊತ್ತು ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ಉಳಿಸಿಕೊಂಡ ಸಂಸಾರಗಳು ತಮ್ಮ ಮುತ್ತಜ್ಜಿಯ ಮುಖವನ್ನೇ ಕಳೆದುಕೊಂಡಿವೆ.

ಬಂದವರು, ಹೋದವರು

ಈ ಸಂಗ್ರಹದ ಕಾಲಾವಧಿ ಒಂದು ಊರಿನ ಏರಿಳಿತವನ್ನು ಪೂರ್ತಿಯಾಗಿ ಒಳಗೊಂಡಿದೆ. ಮೊದಲ ಚಿತ್ರಗಳು ತೆರೆದ ಹುಲ್ಲುಗಾವಲಿನ ಕಾಲದವು. ಬೇಲಿಗಳಿಲ್ಲದ ಬಯಲಿನಲ್ಲಿ ದನ ಕುರಿಗಳ ಹಿಂಡುಗಳು ಅಲೆಯುತ್ತಿದ್ದವು. 1907-08ರ ಸುಮಾರಿಗೆ ಮಿಲ್ವಾಕೀ ಕಂಪನಿಯ ಎರಡನೆಯ ರೈಲುಮಾರ್ಗ ಈ ಪ್ರದೇಶಕ್ಕೆ ಬಂದಿತು. 1909ರಲ್ಲಿ ಅಮೆರಿಕ ಸರ್ಕಾರ ಒಣಭೂಮಿಯಲ್ಲಿ ನೆಲೆಸುವ ರೈತನಿಗೆ ಉಚಿತವಾಗಿ ಕೊಡುವ ಜಮೀನಿನ ಪ್ರಮಾಣವನ್ನು 160 ಎಕರೆಯಿಂದ 320 ಎಕರೆಗೆ ಏರಿಸಿತು. ರೈಲು ಕಂಪನಿಗಳು ಭೂಮಿಯ ಫಲವತ್ತತೆಯನ್ನು ಹಾಡಿ ಹೊಗಳುವ ಪ್ರಚಾರಪತ್ರಗಳನ್ನು ದೂರದೂರಕ್ಕೆ ಹಂಚಿದವು. ರಷ್ಯಾದಲ್ಲಿ ನೆಲೆಸಿದ್ದ ಜರ್ಮನ್ ಭಾಷಿಕರೂ ಸೇರಿದಂತೆ ಅನೇಕ ದೇಶಗಳ ರೈತರು ಬಂದರು. ಎವೆಲಿನ್ ಅವರ ಕ್ಯಾಮೆರಾಕ್ಕೆ ಬಿಡುವಿಲ್ಲದ ಕಾಲವಿದು. ಹೊಸ ಮನೆ, ಹೊಸ ನೇಗಿಲು, ಹೊಸ ಶಾಲೆ, ಮೊದಲ ಬೆಳೆ ಎಲ್ಲವೂ ಚಿತ್ರವಾಗಬೇಕಿತ್ತು.

ಕೆಲವು ವರ್ಷ ಮಳೆ ಕೈಹಿಡಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೆಯ ಧಾರಣೆಯೂ ಇತ್ತು. 1917ರಿಂದ ಮಳೆ ಮುನಿಯಿತು. ಯುದ್ಧ ಮುಗಿದೊಡನೆ ಧಾರಣೆಯೂ ಕುಸಿಯಿತು. ಸಾಲ ಮಾಡಿ ಯಂತ್ರ ಕೊಂಡವರು, ಸಾಲ ಕೊಟ್ಟ ಬ್ಯಾಂಕುಗಳು ಒಟ್ಟಿಗೇ ಮುಳುಗಿದವು. 1920ರ ದಶಕದಲ್ಲಿ ಮೊಂಟಾನಾದ ಬ್ಯಾಂಕುಗಳ ಪೈಕಿ ಸರಿಸುಮಾರು ಅರ್ಧದಷ್ಟು ಬಾಗಿಲು ಮುಚ್ಚಿದವು. ಆ ದಶಕದಲ್ಲಿ ಅಮೆರಿಕದಲ್ಲೆಲ್ಲ ಜನಸಂಖ್ಯೆ ಕುಗ್ಗಿದ ಏಕೈಕ ರಾಜ್ಯ ಮೊಂಟಾನಾ. ಎವೆಲಿನ್ ಅವರ ಚಿತ್ರಗಳಲ್ಲಿ ನಗುತ್ತ ಕುಳಿತಿರುವ ಎಷ್ಟೋ ಸಂಸಾರಗಳು ಮನೆಯನ್ನು ಹಾಗೆಯೇ ಬಿಟ್ಟು ಹೊರಟುಹೋದವು. ಹಲಗೆಯ ಗುಡಿಸಲುಗಳು ಗಾಳಿಗೆ ಬಿದ್ದವು. ಕಲ್ಲಿನ ಗುರುತೂ ಉಳಿಯಲಿಲ್ಲ. ಅಂಥ ಕಡೆಗಳಲ್ಲಿ ಮನುಷ್ಯರು ಬಾಳಿದ್ದರೆಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಆ ಗಾಜಿನ ಫಲಕ. ಗೆದ್ದವರ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ. ಪ್ರಾಮಾಣಿಕವಾಗಿ ದುಡಿದು ಸೋತವರ ಚರಿತ್ರೆಯನ್ನು ಉಳಿಸುವವರು ವಿರಳ. ಈ ಸಂಗ್ರಹದ ನಿಜವಾದ ಮೌಲ್ಯ ಇರುವುದು ಇಲ್ಲಿ.

ಇವನ್ 1915ರಲ್ಲಿ ತೀರಿಕೊಂಡರು. ಇಂಗ್ಲೆಂಡಿಗೆ ಮರಳಲು ಎವೆಲಿನ್ ಒಪ್ಪಲಿಲ್ಲ. ಒಬ್ಬರೇ ದನ ಕುದುರೆಗಳನ್ನು ನೋಡಿಕೊಂಡು ಬಾಳಿದರು. 1918ರಲ್ಲಿ ಅಮೆರಿಕದ ಪ್ರಜೆಯಾದರು. 1928ರ ಡಿಸೆಂಬರ್ ಕೊನೆಯಲ್ಲಿ, ಕರುಳಬಾಲದ ಶಸ್ತ್ರಚಿಕಿತ್ಸೆಯ ಬಳಿಕ, ಅರವತ್ತನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಟೆರ್ರಿಯಲ್ಲಿಯೇ ಅವರ ಸಮಾಧಿಯಿದೆ. ಮಕ್ಕಳಿರಲಿಲ್ಲ.

ಅರ್ಧ ಶತಮಾನದ ಕಾಪು

ಅವರ ಗಾಜಿನ ಫಲಕಗಳು, ಚಿತ್ರಗಳು, ದಿನಚರಿಗಳು, ಪತ್ರಗಳು ಟೆರ್ರಿಯಲ್ಲಿದ್ದ ಆಪ್ತ ಗೆಳತಿ ಜಾನೆಟ್ ವಿಲಿಯಮ್ಸ್ ಅವರ ವಶಕ್ಕೆ ಬಂದವು. ಜಾನೆಟ್ ಅವುಗಳನ್ನು ತಮ್ಮ ಮನೆಯ ನೆಲಮಾಳಿಗೆಯಲ್ಲಿಟ್ಟರು. ಅಂದಿನಿಂದ ಸರಿಸುಮಾರು ಐವತ್ತು ವರ್ಷ ಅವು ಅಲ್ಲಿಯೇ ಇದ್ದವು.

ಈ ಐವತ್ತು ವರ್ಷಗಳನ್ನು ಕುರಿತು ಎರಡು ಬಗೆಯಾಗಿ ವಿಚಾರ ಮಾಡಬಹುದು. ಮೊದಲನೆಯದು: ಜಾನೆಟ್ ಕಾಯದೆ ಹೋಗಿದ್ದರೆ ಇಂದು ಏನೂ ಇರುತ್ತಿರಲಿಲ್ಲ. ಗಾಜಿನ ಫಲಕಗಳು ಭಾರವಾದವು, ಜಾಗ ಹಿಡಿಯುವಂಥವು, ಕೊಳ್ಳುವವರಿಲ್ಲದವು. ಹಳೆಯ ಛಾಯಾಗ್ರಾಹಕರ ಗಾಜಿನ ಫಲಕಗಳನ್ನು ಲೇಪವನ್ನು ಕೆರೆದು ತೆಗೆದು ಸಸಿಮನೆಯ ಕಿಟಕಿಗಳಿಗೆ ಬಳಸಿದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿವೆ. ಜಗತ್ತಿಗೆ ಬೆಲೆಯಿಲ್ಲವೆಂದು ತೋರಿದ ವಸ್ತುವನ್ನು, ಲಾಭದ ಆಸೆಯಿಲ್ಲದೆ, ಗೆಳತಿಯದೆಂಬ ಒಂದೇ ಕಾರಣಕ್ಕೆ ಐವತ್ತು ವರ್ಷ ಮುರಿಯದಂತೆ ಇಟ್ಟುಕೊಂಡದ್ದು ಸಾಮಾನ್ಯ ನಿಷ್ಠೆಯಲ್ಲ. ತೀರಿಹೋದವರು ಬಿಟ್ಟುಹೋದ ವಸ್ತು ನ್ಯಾಸದಂತೆ. ಕೇಳಲು ಅವರು ಬಾರರು ಎಂಬ ಕಾರಣದಿಂದಲೇ ಅದರ ಕಾಪು ಹೆಚ್ಚು ಕಟ್ಟುನಿಟ್ಟಿನದಾಗಬೇಕು.

ಎರಡನೆಯದು: ನೆಲಮಾಳಿಗೆ ಎಂದೆಂದಿಗೂ ಸುರಕ್ಷಿತ ಸ್ಥಳವಲ್ಲ. ತೇವ, ನೆರೆ, ಬೆಂಕಿ ಯಾವುದೂ ಹೇಳಿ ಬರುವುದಿಲ್ಲ. ಸಂಗ್ರಹದಲ್ಲಿ ಗಾಜಿನ ಫಲಕಗಳ ಜೊತೆಗೆ ನೈಟ್ರೇಟ್ ಫಿಲ್ಮಿನ ನೆಗೆಟಿವ್‌ಗಳೂ ಇದ್ದವು. ಈ ಫಿಲ್ಮು ಕಾಲಕ್ರಮದಲ್ಲಿ ತಾನಾಗಿಯೇ ಕೊಳೆಯುತ್ತದೆ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕಾಯುವವರ ಆಯುಸ್ಸೂ ಮಿತವಾದುದು. ಒಬ್ಬರ ಪ್ರೀತಿಯನ್ನೇ ಆಶ್ರಯಿಸಿ ನಿಂತ ವಸ್ತು ಆ ಒಬ್ಬರು ಹೋದ ಮರುದಿನ ಅನಾಥವಾಗುತ್ತದೆ. ಹಾಗಾದರೆ ಬಿಗಿಯಾಗಿ ಹಿಡಿದುಕೊಳ್ಳುವುದೂ ಒಂದು ಹಂತದ ಬಳಿಕ ವಸ್ತುವಿಗೆ ಅಪಾಯವೇ.

ಎರಡೂ ವಿಚಾರಗಳಲ್ಲಿ ಸತ್ಯವಿದೆ. ಜಾನೆಟ್ ಅವರ ಮನಸ್ಸಿನಲ್ಲಿಯೂ ಈ ತೂಗಾಟ ನಡೆದಿರಬೇಕು. 1970ರ ದಶಕದ ಕೊನೆಯಲ್ಲಿ, ಟೈಮ್-ಲೈಫ್ ಪುಸ್ತಕ ಸಂಸ್ಥೆಯಲ್ಲಿ ಚಿತ್ರಸಂಪಾದಕಿಯಾಗಿದ್ದ ಡಾನಾ ಲೂಸಿ, ಅಮೆರಿಕದ ಪಶ್ಚಿಮ ಪ್ರಾಂತ್ಯಗಳಲ್ಲಿ ನೆಲೆಸಿದ ಮೊದಲ ತಲೆಮಾರಿನ ಮಹಿಳೆಯರ ಚಿತ್ರಗಳನ್ನು ಹುಡುಕುತ್ತ ಟೆರ್ರಿಯವರೆಗೆ ಬಂದರು. ಜಾನೆಟ್ ಆಗ ಇಳಿವಯಸ್ಸಿನ ವೃದ್ಧೆ. ಹೊರಗಿನವರು ಕೇಳಿದ ಮಾತ್ರಕ್ಕೆ ಗೆಳತಿಯ ಬಾಳನ್ನು ತೆರೆದಿಡಲು ಅವರು ಸಿದ್ಧರಿರಲಿಲ್ಲ. ಬಂದವರ ಉದ್ದೇಶವನ್ನು ಅರಿತು, ನಂಬಿಕೆ ಹುಟ್ಟಿದ ಮೇಲೆ ನೆಲಮಾಳಿಗೆಯ ಬಾಗಿಲು ತೆರೆಯಿತು. ಅಲ್ಲಿ ಸುಮಾರು 1,800 ನೆಗೆಟಿವ್‌ಗಳು, ಎರಡು ಸಾವಿರಕ್ಕೂ ಹೆಚ್ಚು ಮೂಲಚಿತ್ರಗಳು, ದಿನಚರಿಯ ಸಾಲುಸಾಲು ಪುಸ್ತಕಗಳಿದ್ದವು.

ಲೂಸಿ ಅವರೂ ಅವಸರಪಡಲಿಲ್ಲ. ಒಂದೆರಡು ಚಿತ್ರಗಳನ್ನು ಆಯ್ದುಕೊಂಡು ತಮ್ಮ ಕೆಲಸವನ್ನು ಮುಗಿಸಬಹುದಾಗಿತ್ತು. ಅದನ್ನು ಬಿಟ್ಟು ದಿನಚರಿಗಳ ಸಣ್ಣ ಅಕ್ಷರಗಳನ್ನು ಓದಿ, ಚಿತ್ರಗಳೊಂದಿಗೆ ಹೋಲಿಸಿ, ಒಂದು ದಶಕಕ್ಕೂ ಹೆಚ್ಚು ಕಾಲ ಶ್ರಮಿಸಿ 1990ರಲ್ಲಿ ‘ಫೋಟೋಗ್ರಾಫಿಂಗ್ ಮೊಂಟಾನಾ’ ಎಂಬ ಗ್ರಂಥವನ್ನು ಹೊರತಂದರು. ಎವೆಲಿನ್ ಕ್ಯಾಮೆರಾನ್ ಎಂಬ ಹೆಸರು ಟೆರ್ರಿಯ ಹೊರಗೆ ವ್ಯಾಪಕವಾಗಿ ತಿಳಿದದ್ದು ಅದರ ನಂತರವೇ.

ದಾನದ ಬಗೆ

ಸಂಗ್ರಹ ಹೆಲೆನಾ ನಗರದಲ್ಲಿರುವ ಮೊಂಟಾನಾ ಐತಿಹಾಸಿಕ ಸಂಘಕ್ಕೆ ದಾನವಾಗಿ ಸಂದಿತು. ಇದು 1865ರಷ್ಟು ಹಿಂದೆಯೇ ಸ್ಥಾಪನೆಗೊಂಡ ಸಂಸ್ಥೆ. ಇಲ್ಲಿ ದಾನದ ಸ್ವರೂಪವನ್ನು ಗಮನಿಸಬೇಕು. ಹಣದ ದಾನ ಕೊಟ್ಟ ಕ್ಷಣಕ್ಕೆ ಮುಗಿಯುತ್ತದೆ. ದಾಖಲೆಯ ದಾನ ಕೊಟ್ಟ ಕ್ಷಣದಿಂದ ಆರಂಭವಾಗುತ್ತದೆ. ಪಡೆದ ಸಂಸ್ಥೆ ಪ್ರತಿಯೊಂದು ಫಲಕಕ್ಕೂ ಸಂಖ್ಯೆ ಕೊಡಬೇಕು, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು ನೆಟ್ಟಗೆ ನಿಲ್ಲಿಸಬೇಕು, ತಂಪಾದ ಒಣ ಕೋಣೆಯಲ್ಲಿ ಕಾಯಬೇಕು, ನೈಟ್ರೇಟ್ ಫಿಲ್ಮನ್ನು ಬೇರ್ಪಡಿಸಿ ಇರಿಸಬೇಕು, ಪ್ರತಿಗಳನ್ನು ತೆಗೆದು ಓದುಗರಿಗೆ ಒದಗಿಸಬೇಕು, ಮೂಲವನ್ನು ಮುಟ್ಟದಂತೆ ಕಾಪಾಡಬೇಕು. ಪಡೆಯುವವರಿಗೆ ಈ ಶಕ್ತಿಯಿದೆಯೇ ಎಂಬುದನ್ನು ವಿಚಾರಿಸದೆ ಕೊಟ್ಟ ದಾನ ಕೈತೊಳೆದುಕೊಂಡಂತೆ. ಹೊಣೆಯನ್ನು ಅರಿಯದೆ ಪಡೆದ ದಾನ ಸಾಲವನ್ನು ಹೊತ್ತಂತೆ. ಇಟ್ಟುಕೊಂಡು ಬೀಗ ಹಾಕುವ ಸಂಸ್ಥೆ ನೆಲಮಾಳಿಗೆಗಿಂತ ಉತ್ತಮವೇನಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ದಿನಚರಿಯನ್ನು ಬರೆದವರು ಅದನ್ನು ಲೋಕ ಓದಲೆಂದು ಬರೆಯಲಿಲ್ಲ. ಅದರಲ್ಲಿ ಸಂಸಾರದ ಮನಸ್ತಾಪಗಳಿವೆ, ಗಂಡನ ಅನಾರೋಗ್ಯವಿದೆ, ನೆರೆಯವರ ಕಷ್ಟಗಳಿವೆ. ಜಾನೆಟ್ ಅವರ ಹಿಂಜರಿಕೆಯನ್ನು ಹಟವೆಂದು ಕರೆಯುವುದು ಸುಲಭ. ತೀರಿಹೋದ ಗೆಳತಿಯ ಮಾನವನ್ನು ಕಾಯುವ ಎಚ್ಚರವೂ ಅದರಲ್ಲಿತ್ತೆಂದು ತಿಳಿಯುವುದು ನ್ಯಾಯ. ಕಾಲ ಕಳೆದಂತೆ ಹೆಸರಿಸಲ್ಪಟ್ಟವರು ಒಬ್ಬೊಬ್ಬರಾಗಿ ತೀರಿಹೋಗುತ್ತಾರೆ, ನೋಯುವವರು ಕಡಿಮೆಯಾಗುತ್ತಾರೆ, ಗುಟ್ಟಾಗಿದ್ದುದು ಸಾಕ್ಷಿಯಾಗುತ್ತದೆ. ಬೇಗ ತೆರೆದರೆ ಇರುವವರಿಗೆ ನೋವು, ತಡವಾಗಿ ತೆರೆದರೆ ಮುಂಬರುವವರಿಗೆ ನಷ್ಟ. ಈ ಎರಡರ ನಡುವಣ ಹೊತ್ತನ್ನು ಅರಿಯುವುದು ಕಾಯುವವರ ವಿವೇಕ. ಆ ವಿವೇಕಕ್ಕೆ ಸೂತ್ರವಿಲ್ಲ. ಜಾನೆಟ್ ಅವರಂತೆ ಕೇಳಲು ಬಂದವರ ಮುಖವನ್ನು ನೋಡಿ ನಿರ್ಧರಿಸಬೇಕಾಗುತ್ತದೆ.

ಸಂಗ್ರಹದ ಮಿತಿ

ಯಾವ ಸಂಗ್ರಹವೂ ಪೂರ್ಣಸತ್ಯವಲ್ಲ. 25 ಸೆಂಟ್ ದೊಡ್ಡ ಮೊತ್ತವಲ್ಲವಾದರೂ ಅದನ್ನೂ ಕೊಡಲಾರದವರಿದ್ದರು. ಅವರು ತಾವಾಗಿ ಬಂದು ಚಿತ್ರಕ್ಕೆ ನಿಂತಿರಲಾರರು. ಚಿತ್ರಕ್ಕೆ ಕುಳಿತವರು ತಮ್ಮ ಉತ್ತಮ ಉಡುಪಿನಲ್ಲಿ ಕುಳಿತರು. ಹರಕು ಬಟ್ಟೆ ಗೋಡೆಯ ಹಿಂದುಳಿಯಿತು. ಬೆಳೆ ಒಣಗಿದ ವರ್ಷ ಊರು ಬಿಟ್ಟವರು ಹೋಗುವ ಮುನ್ನ ಚಿತ್ರ ತೆಗೆಸಿಕೊಳ್ಳಲಿಲ್ಲ. ಆ ನೆಲದಿಂದ ಮೊದಲೇ ಹೊರದೂಡಲ್ಪಟ್ಟ ಮೂಲನಿವಾಸಿಗಳ ದೈನಂದಿನ ಬದುಕನ್ನು ಊರಿನ ಈ ಚಿತ್ರಗಳಿಂದ ಅರಿಯಲಾಗದು. ಒಂದೇ ಕಡೆಯಿಂದ ನೋಡಿದ ವಸ್ತುವನ್ನು ಪೂರ್ತಿ ಕಂಡೆನೆಂದು ಹೇಳುವುದು ತಪ್ಪು. ಕಂಡಷ್ಟನ್ನು ನಿಷ್ಠೆಯಿಂದ ಹೇಳಿ, ಕಾಣದ ಭಾಗ ಇದೆಯೆಂದು ಒಪ್ಪಿಕೊಳ್ಳುವುದು ಇತಿಹಾಸಕಾರನ ಧರ್ಮ. ಎವೆಲಿನ್ ಅವರ ಸಂಗ್ರಹವನ್ನು ಈ ಎಚ್ಚರದಿಂದ ನೋಡಿದಾಗ ಅದರ ಬೆಲೆ ಕುಂದುವುದಿಲ್ಲ. ಅದರ ಸಾಕ್ಷ್ಯ ಎಲ್ಲಿಯವರೆಗೆ ಸಲ್ಲುತ್ತದೆಂಬುದು ಸ್ಪಷ್ಟವಾಗುತ್ತದೆ.

ಊರಿಗೆ ಮರಳಿದ ಊರು

ಸಂಗ್ರಹ ರಾಜಧಾನಿಗೆ ಹೋದರೆ ಊರಿಗೆ ಉಳಿದುದೇನು? ದಾನಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳುವುದು ಅಗತ್ಯ. ಮೂಲ ಫಲಕಗಳನ್ನು ಕಾಯುವ ಶಕ್ತಿ ದೊಡ್ಡ ಸಂಸ್ಥೆಗಿದೆ. ಅವುಗಳಲ್ಲಿರುವ ಮುಖಗಳನ್ನು ಗುರುತಿಸುವ ಶಕ್ತಿ ಚಿಕ್ಕ ಊರಿಗಷ್ಟೇ ಇದೆ. ಟೆರ್ರಿಯವರು ತಮ್ಮ ಪ್ರೇರಿ ಕೌಂಟಿ ವಸ್ತುಸಂಗ್ರಹಾಲಯದ ಜೊತೆಗೆ ಕ್ಯಾಮೆರಾನ್ ಗ್ಯಾಲರಿಯನ್ನು ತೆರೆದು ಅವರ ಚಿತ್ರಗಳ ಮುದ್ರಿತ ಪ್ರತಿಗಳನ್ನು ಅಲ್ಲಿ ತೂಗುಹಾಕಿದ್ದಾರೆ. ಆ ವಸ್ತುಸಂಗ್ರಹಾಲಯವಿರುವುದು ಹಿಂದೆ ಬ್ಯಾಂಕಾಗಿದ್ದ ಕಟ್ಟಡದಲ್ಲಿ. ಒಂದು ಕಾಲಕ್ಕೆ ಊರಿನ ಹಣವನ್ನು ಕಾಯ್ದ ಗೋಡೆಗಳು ಇಂದು ಊರಿನ ನೆನಪನ್ನು ಕಾಯುತ್ತಿವೆ. ಹಣದ ಠೇವಣಿ ಬಂದಂತೆ ಹೋಗುತ್ತದೆ. ಈ ಠೇವಣಿಯನ್ನು ಹಿಂದೆ ಪಡೆಯುವವರು ಬಂದಷ್ಟೂ ಅದು ಬೆಳೆಯುತ್ತದೆ, ಏಕೆಂದರೆ ಪ್ರತಿಯೊಬ್ಬ ಮೊಮ್ಮಗನೂ ಚಿತ್ರದ ಮುಂದೆ ನಿಂತು ಇನ್ನೊಂದು ಹೆಸರನ್ನು ಹೇಳಿ ಹೋಗುತ್ತಾನೆ.

ಎವೆಲಿನ್ ಕ್ಯಾಮೆರಾನ್ ಇತಿಹಾಸ ಬರೆಯಬೇಕೆಂದು ಹೊರಟವರಲ್ಲ. ಮನೆಯ ಖರ್ಚಿಗೆ ಹಣ ಬೇಕಾಗಿತ್ತು. ಕೈಗೆ ಸಿಕ್ಕ ಕಸುಬನ್ನು ಚೊಕ್ಕವಾಗಿ ಮಾಡಿದರು, ದರವನ್ನು ಸಮವಾಗಿಟ್ಟರು, ದಿನದ ಲೆಕ್ಕವನ್ನು ದಿನವೇ ಬರೆದರು. ಜಾನೆಟ್ ವಿಲಿಯಮ್ಸ್ ಸಂಗ್ರಹಾಲಯ ಕಟ್ಟಬೇಕೆಂದು ಹೊರಟವರಲ್ಲ. ಗೆಳತಿಯ ವಸ್ತುಗಳನ್ನು ಒಡೆಯದಂತೆ ಇಟ್ಟುಕೊಂಡರು, ಹೊತ್ತು ಬಂದಾಗ ಯೋಗ್ಯರಿಗೆ ಒಪ್ಪಿಸಿದರು. ಪ್ರಾಮಾಣಿಕ ದುಡಿಮೆ, ನಿರ್ಲೋಭದ ಕಾಪು, ಸಕಾಲದ ತ್ಯಾಗ ಈ ಮೂರು ಕೂಡಿದಾಗ ಆರುನೂರು ಜನರೂ ಇಲ್ಲದ ಊರಿಗೆ ತನ್ನದೇ ಆದ ಇತಿಹಾಸ ದೊರೆಯಿತು.

ಇಂಥ ಪೆಟ್ಟಿಗೆಗಳು ಟೆರ್ರಿಯಲ್ಲಿ ಮಾತ್ರ ಇಲ್ಲ. ಹಳೆಯ ಮನೆಗಳ ಅಟ್ಟದಲ್ಲಿ, ಕಪಾಟಿನ ತಳದಲ್ಲಿ, ಸಂಸ್ಥೆಗಳ ಬೀಗ ಹಾಕಿದ ಕೋಣೆಯಲ್ಲಿ ಹೆಸರು ಬರೆಯದ ಚಿತ್ರಗಳು ಇದ್ದೇ ಇರುತ್ತವೆ. ಅವುಗಳಲ್ಲಿನ ಮುಖಗಳನ್ನು ಗುರುತಿಸಬಲ್ಲ ಹಿರಿಯರೊಬ್ಬರು ಆ ಮನೆಯ ಜಗಲಿಯಲ್ಲಿ ಇಂದಿಗೂ ಕುಳಿತಿರಬಹುದು. ಅವರನ್ನು ಕೇಳಿ, ಚಿತ್ರದ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಹೆಸರು ಬರೆದಿಡುವುದಕ್ಕೆ ಹಣ ಬೇಕಾಗಿಲ್ಲ, ಪಾಂಡಿತ್ಯವೂ ಬೇಕಾಗಿಲ್ಲ. ಬೇಕಾಗಿರುವುದು ಅವರು ಇರುವಾಗಲೇ ಕೇಳುವ ಮನಸ್ಸು.